ಬಟ್ಟೆ ಮಗುವಿಗೋ, ಮಗು ಬಟ್ಟೆಗೋ?

ಗೆಳತಿಯರೇ, ಶಾಲೆಯ ವಾರ್ಷಿಕೋತ್ಸವ ಹತ್ತಿರ ಬಂತೆಂದರೆ ಅಮ್ಮಂದಿರ ಎದೆ ಢವಢವ ಅನ್ನುತ್ತದೆ. ನಾಟಕದಲ್ಲಿ ಮಕ್ಕಳು ನಾಲ್ಕೇ ಮಾತು ಆಡಿದರೂ ಅವರ ವೇಷಕ್ಕೆ ನಾವು ನಾಲ್ಕು ವಾರ ಓಡಾಡಬೇಕು. ಕಿತ್ತೂರು ಚೆನ್ನಮ್ಮನಾದರೆ ಒಂದು ಇಳಕಲ್ ಸೀರೆ ಹುಡುಕಿ, ಕಚ್ಚೆ ಹಾಕಿ ಉಡಿಸಿ, ಕೈಗೆ ರಟ್ಟಿನ ಕತ್ತಿ ಕೊಟ್ಟರೆ ಮುಗೀತು. ಆದರೆ ಈ ಸಲ ನನ್ನ ಮಗಳಿಗೆ ಸಿಕ್ಕಿದ್ದು ದೊರೆಸಾನಿ ಪಾತ್ರ!

ನಮ್ಮದು ಚಿಕ್ಕಬಳ್ಳಾಪುರ. ಮಹಡಿ ಹತ್ತಿದರೆ ಒಂದು ಕಡೆ ಸ್ಕಂದಗಿರಿ, ಇನ್ನೊಂದು ಕಡೆ ನಂದಿಬೆಟ್ಟ. ಮೈಸೂರಿನ ಕಮಿಷನರ್ ಆಗಿ 1834ರಿಂದ 1861ರವರೆಗೆ ಆಡಳಿತ ನಡೆಸಿದ ಮಾರ್ಕ್ ಕಬ್ಬನ್ ಬೇಸಗೆಗೆ ಬಂದು ತಂಗುತ್ತಿದ್ದದ್ದು ಇದೇ ನಂದಿಬೆಟ್ಟದ ಬಂಗಲೆಯಲ್ಲಿ. ಈಗ ಅದನ್ನು ನೆಹರು ನಿಲಯ ಅನ್ನುತ್ತಾರೆ. ಅದನ್ನೇ ಇಟ್ಟುಕೊಂಡು ಶಾಲೆಯವರು ಒಂದು ಕಿರುನಾಟಕ ಬರೆದಿದ್ದರು. ಕಾಲ 1850ರ ಆಸುಪಾಸು. ಬಂಗಲೆಗೆ ಬಂದ ದೊರೆಸಾನಿಯೊಬ್ಬಳು ಬೆಟ್ಟದ ಕೆಳಗಿನ ಊರಿನ ಹೆಣ್ಣುಮಗಳ ಜೊತೆ ಮಾತನಾಡುವುದು, ಅಷ್ಟೇ ಕಥೆ. ನನಗೋ ಖುಷಿಯೋ ಖುಷಿ. ಹೊಲಿಗೆ ಮಿಷನ್ ಮನೆಯಲ್ಲೇ ಇದೆ, ರವಿಕೆ, ಚೂಡಿದಾರ್ ಎಲ್ಲ ನಾನೇ ಹೊಲಿದುಕೊಳ್ಳುತ್ತೇನೆ. ಒಂದು ಗೌನ್ ಯಾವ ಮಹಾ ಅಂದುಕೊಂಡೆ.

ಅಲ್ಲೇ ನಾನು ಎಡವಿದ್ದು. ಅದನ್ನೇ ಇವತ್ತು ನಿಮಗೆ ಹೇಳಬೇಕು.

ಟೇಪು ಹಿಡಿದು ನಾನಾಡಿದ ಮಾತು

ಹಳೆಯ ಇಂಗ್ಲಿಷ್ ಫ್ಯಾಷನ್ ಚಿತ್ರಗಳ ಪುಸ್ತಕವೊಂದು ಗೆಳತಿಯ ಮನೆಯಲ್ಲಿತ್ತು. ತಂದೆ. ಅದರಲ್ಲಿ ದೊಡ್ಡವರ ಅಳತೆಯ ಒಂದು ನಕ್ಷೆಯೂ ಇತ್ತು. ಎತ್ತರ 64 ಇಂಚು, ಸೊಂಟ 24, ಲಂಗದ ಕೆಳಸುತ್ತು 120. ನನ್ನ ಮಗಳಿಗೆ ಹನ್ನೆರಡು ವರ್ಷ, ಎತ್ತರ 58 ಇಂಚು. ಸರಿ, ಎಲ್ಲವನ್ನೂ ಅದೇ ಲೆಕ್ಕದಲ್ಲಿ ಕುಗ್ಗಿಸಿದರಾಯ್ತು ಅಂದುಕೊಂಡು ಕತ್ತರಿ ಹಿಡಿದೇಬಿಟ್ಟೆ. ಸೊಂಟ ಸುಮಾರು 22 ಇಂಚಿಗೆ ಬಂತು. ಮಗಳ ಸೊಂಟ 29!

ಹೊಲಿದದ್ದನ್ನು ತೊಡಿಸಲು ಹೋದರೆ ಹಿಂದಿನ ಹುಕ್ಕುಗಳು ಒಂದಕ್ಕೊಂದು ಮುಖ ತೋರಿಸಲೂ ಇಲ್ಲ. ಬೆವರಿಳಿಸುತ್ತಾ ಎಳೆದೆ. ಅವಳು ಮುಖ ಕಿವುಚಿದಳು. ಆಗ ನನ್ನ ಬಾಯಿಂದ ಬಂದ ಮಾತು: "ಹೊಟ್ಟೆ ಒಳಗೆ ಎಳ್ಕೊಳ್ಳೇ, ಸ್ವಲ್ಪ ಸಣ್ಣ ಆಗಬಾರದಾ?"

ಅದೇ ವಾರ ಅಭ್ಯಾಸದ ಹೊತ್ತಿನಲ್ಲಿ ಯಾರೋ ಒಬ್ಬರು "ದೊರೆಸಾನಿ ಅಂದ್ರೆ ತೆಳ್ಳಗಿರಬೇಕಲ್ವಾ" ಅಂದರಂತೆ. ಅವತ್ತು ರಾತ್ರಿ ಮಗಳು ತಟ್ಟೆ ಮುಂದೆ ಕೂತು ಸಾರನ್ನ ಕೆದಕುತ್ತಾ "ಹಸಿವಿಲ್ಲ" ಅಂದಳು. ಮಾರನೆಯ ದಿನ ಬೆಳಿಗ್ಗೆ ಕೊಟ್ಟ ಡಬ್ಬಿ ಸಂಜೆ ಹಾಗೇ ವಾಪಸ್ ಬಂತು. ಮೂರನೆಯ ದಿನ ಕೇಳಿದ್ದಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡು, "ಊಟ ಬಿಟ್ರೆ ಗೌನ್ ಆಗುತ್ತಲ್ಲಮ್ಮ" ಅಂದಳು.

ನೀವೇ ಹೇಳಿ, ಯಾವ ತಾಯಿಗೆ ಕರುಳು ಚುರುಕ್ ಅನ್ನುವುದಿಲ್ಲ? ಶಾಲೆಯಲ್ಲಿ ಆಡಿದವರ ಮೇಲೆ ನನಗೆ ಸಿಟ್ಟು ಬಂತು, ನಿಜ. ಆದರೆ ಮೊದಲು ಆಡಿದವಳು ನಾನೇ ಅಲ್ಲವೇ?

ಶಿಡ್ಲಘಟ್ಟದಿಂದ ನಮ್ಮತ್ತೆ ಬಂದಿದ್ದರು. ರೇಷ್ಮೆ ಗೂಡಿನ ಊರಿನವರು. ಅವರ ಕಾಲದಲ್ಲಿ ಮನೆಮಂದಿಯ ಲಂಗ, ರವಿಕೆ ಎಲ್ಲಾ ಕೈಹೊಲಿಗೆಯಲ್ಲೇ ಹೊಲಿದವರು. ಎಲ್ಲವನ್ನೂ ಸುಮ್ಮನೆ ನೋಡುತ್ತಿದ್ದವರು ಅವತ್ತು ಕೇಳಿದರು: "ಅಲ್ಲ ಕಣಮ್ಮ, ನೀನು ಬಟ್ಟೇನ ಮಗೂಗೆ ಹೊಲೀತಿದ್ದೀಯೋ, ಮಗೂನ ಬಟ್ಟೆಗೆ ಹೊಲೀತಿದ್ದೀಯೋ?"

ನನ್ನ ಹತ್ತಿರ ಉತ್ತರವಿರಲಿಲ್ಲ.

ಆ ಸಣ್ಣ ಸೊಂಟ ಎಲ್ಲಿಂದ ಬಂತು?

ಆಮೇಲೆ ಕೂತು ಓದಿದೆ, ಚಿತ್ರಗಳನ್ನು ಸರಿಯಾಗಿ ನೋಡಿದೆ. ಗೊತ್ತಾದದ್ದನ್ನು ಹೇಳುತ್ತೇನೆ ಕೇಳಿ. ಹತ್ತೊಂಬತ್ತನೇ ಶತಮಾನದ ಗೌನ್ ಅಂದರೆ ಒಂದೇ ಬಗೆಯದಲ್ಲ. 1810ರ ಹೊತ್ತಿಗೆ ಸೊಂಟದ ಗೆರೆ ಎದೆಯ ಕೆಳಗೇ ಇತ್ತು. 1830ರಲ್ಲಿ ಅದು ತನ್ನ ಜಾಗಕ್ಕೆ ಇಳಿದು ತೋಳುಗಳು ದಿಂಬಿನಂತೆ ಉಬ್ಬಿದವು. 1850-60ರಲ್ಲಿ ಲಂಗ ಗುಮ್ಮಟವಾಯಿತು. 1870-80ರಲ್ಲಿ ಆ ಅಗಲವೆಲ್ಲ ಹಿಂದಕ್ಕೆ ಸರಿಯಿತು. 1890ರಲ್ಲಿ ಮತ್ತೆ ತೋಳು ಉಬ್ಬಿತು. ನಮ್ಮ ಅಜ್ಜಿಯರ ಹಳೆಯ ಫೋಟೋಗಳಲ್ಲಿ ಕಾಣುವ ಬುಗ್ಗೆ ತೋಳಿನ, ಲೇಸಿನ ರವಿಕೆಗೂ ಆ ಕಾಲದ ಗಾಳಿ ಸೋಕಿದೆ. ಸೀರೆಗೆ ರವಿಕೆ, ಒಳಲಂಗ ಜೊತೆ ಮಾಡಿ ಹೊಸ ರೀತಿಯಲ್ಲಿ ಉಡುವುದನ್ನು ರೂಢಿಗೆ ತಂದವರಲ್ಲಿ ಮುಖ್ಯರು ಜ್ಞಾನದಾನಂದಿನಿ ದೇವಿ. ಅವರ ಪತಿ ಸತ್ಯೇಂದ್ರನಾಥ ಟಾಗೋರ್ ನಮ್ಮ ಕಾರವಾರದಲ್ಲಿ ಜಡ್ಜ್ ಆಗಿದ್ದವರು. ಬೇಕಾದ್ದನ್ನು ಹೊರಗಿನಿಂದ ತೆಗೆದುಕೊಂಡರು, ನಮ್ಮ ಮೈಗೆ ಒಗ್ಗುವ ಹಾಗೆ ಬದಲಿಸಿಕೊಂಡರು. ಜಾಣತನ ಅಂದರೆ ಅದಲ್ಲವೇ?

ಈ ಎಲ್ಲ ಬದಲಾವಣೆಯಲ್ಲಿ ಒಂದು ಗುಟ್ಟಿದೆ. ಒಂದು ಕಡೆ ಅಗಲ ಕೊಟ್ಟರೆ ಅದರ ಪಕ್ಕದ್ದು ತಾನಾಗಿ ಸಣ್ಣಗೆ ಕಾಣುತ್ತದೆ. ಭುಜದ ಹೊಲಿಗೆಯನ್ನು ತೋಳಿನ ಮೇಲಕ್ಕೆ ಇಳಿಸಿ ಮೇಲ್ಭಾಗ ಅಗಲ ಮಾಡುತ್ತಿದ್ದರು. ಲಂಗವನ್ನು ಕೆಳಗೆ ಅಗಲ ಮಾಡುತ್ತಿದ್ದರು. ನಡುವೆ ಉಳಿದ ಸೊಂಟ ಇದ್ದದ್ದಕ್ಕಿಂತ ಸಣ್ಣಗೆ ಕಾಣುತ್ತಿತ್ತು. ಬಿಗಿಯುವ ಕಾರ್ಸೆಟ್ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮಾಡುತ್ತಿದ್ದದ್ದು ಬಟ್ಟೆ!

ಇನ್ನು ಆ ಫ್ಯಾಷನ್ ಚಿತ್ರಗಳೋ, ಬಟ್ಟೆ ಮಾರಲು ಬರೆದವು. ತಲೆ ಚಿಕ್ಕದು, ಕಾಲು ಉದ್ದ, ಸೊಂಟ ಹಿಡಿಯಷ್ಟು. ಹಾಗಿರುವ ಮನುಷ್ಯರು ಆಗಲೂ ಇರಲಿಲ್ಲ. ಆಮೇಲೆ ಫೋಟೋ ಬಂದ ಕಾಲಕ್ಕೆ ನೆಗೆಟಿವ್ ಮೇಲೆಯೇ ತಿದ್ದಿ ಸೊಂಟ ಸಣ್ಣ ಮಾಡಿಕೊಡುವವರೂ ಇದ್ದರು. ಇವತ್ತು ಮೊಬೈಲಿನಲ್ಲಿ ಫಿಲ್ಟರ್ ಹಾಕುವುದು ಹೊಸದೇನಲ್ಲ ನೋಡಿ. ಬಿಗಿಯುಡುಪು ಆರೋಗ್ಯಕ್ಕೆ ಕೆಟ್ಟದ್ದು ಅಂತ ಆ ಕಾಲದ ವೈದ್ಯರೇ ಬೈಯುತ್ತಿದ್ದರು. 1881ರಲ್ಲಿ ಲಂಡನ್ನಿನಲ್ಲಿ ಹೆಂಗಸರು ಸೇರಿ ಹಿತವಾದ ಉಡುಪಿಗಾಗಿಯೇ ಒಂದು ಸಂಘ ಕಟ್ಟಿಕೊಂಡಿದ್ದರು. ಅವರೇ ಬೇಡವೆಂದದ್ದನ್ನು ನಾವು ನಮ್ಮ ಮಕ್ಕಳ ಮೇಲೆ ಹೇರುವುದು ಯಾವ ನ್ಯಾಯ?

ಉದ್ದಕ್ಕೆ ಒಂದು ಲೆಕ್ಕ, ಸುತ್ತಿಗೆ ಇನ್ನೊಂದು

ಎರಡನೇ ಸಲ ಹೊಲಿದದ್ದು ಹೇಗೆ ಅಂತ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಇಂಥ ವೇಷ ಹೊಲಿಯುವ ಸಂದರ್ಭ ಬಂದರೆ ಉಪಯೋಗಕ್ಕೆ ಬಂದೀತು.

ಮೊದಲ ಮಾತು, ನಕ್ಷೆಯನ್ನು ಒಂದೇ ಸಮ ಕುಗ್ಗಿಸಬೇಡಿ, ಹಿಗ್ಗಿಸಲೂಬೇಡಿ. ಉದ್ದದ ಅಳತೆಗಳು ಮಗುವಿನ ಎತ್ತರ ನೋಡಿ ಬರಬೇಕು. ಎದೆ, ಸೊಂಟ, ತೋಳಿನ ಸುತ್ತು ಮಗುವಿನ ಮೈ ನೋಡಿ ಬರಬೇಕು. ಇವೆರಡನ್ನೂ ಬೆರೆಸಿದ್ದೇ ನನ್ನ ಮೊದಲ ತಪ್ಪು. ಮಗಳ ಎದೆ 32, ಅದಕ್ಕೆ 2 ಇಂಚು ಸಡಿಲ. ಸೊಂಟ 29, ಅದಕ್ಕೆ ಒಂದೂವರೆ ಇಂಚು ಸಡಿಲ. ಅಳತೆ ತೆಗೆಯುವಾಗ ಮಗು ಊಟ ಮಾಡಿರಲಿ, ಉಸಿರು ಬಿಟ್ಟು ಆರಾಮವಾಗಿ ನಿಂತಿರಲಿ. ಟೇಪಿನ ಒಳಗೆ ನಿಮ್ಮ ಎರಡು ಬೆರಳು ಆಡಬೇಕು.

ಎರಡನೆಯದು, ಒಳಲಂಗ ಮೊದಲು, ಗೌನ್ ಆಮೇಲೆ. 1856ರಲ್ಲಿ ಉಕ್ಕಿನ ಬಳೆಗಳ ಪಂಜರ ಬರುವ ಮೊದಲು ಹೆಂಗಸರು ಲಂಗ ಉಬ್ಬಿಸಲು ಒಂದರ ಮೇಲೊಂದು ಗಡುಸಾದ ಒಳಲಂಗ ಹಾಕಿಕೊಳ್ಳುತ್ತಿದ್ದರು. ಕುದುರೆ ಕೂದಲು ಸೇರಿಸಿ ನೇಯ್ದ ಬಟ್ಟೆಯ ಒಳಲಂಗವೂ ಇತ್ತು. ಕ್ರಿನೋಲಿನ್ ಅನ್ನುವ ಹೆಸರು ಬಂದದ್ದೇ ಆ ಕುದುರೆ ಕೂದಲಿನಿಂದ. ನಮಗೆ ಉಕ್ಕೂ ಬೇಡ, ಕುದುರೆಯೂ ಬೇಡ. ಅತ್ತೆಯ ಎರಡು ಹಳೆಯ ನೂಲಿನ ಸೀರೆ ಹರಿದು ಮೂರು ಒಳಲಂಗ ಮಾಡಿದೆ. ಕೆಳಗಿನ ಎರಡಕ್ಕೆ ಮೊಣಕಾಲಿನಿಂದ ಕೆಳಕ್ಕೆ ದೊಡ್ಡ ಫ್ರಿಲ್ ಕೊಟ್ಟೆ. ಗಟ್ಟಿ ಗಂಜಿ ಹಾಕಿ ಒಣಗಿಸಿದರೆ ತಾನಾಗಿ ನಿಲ್ಲುತ್ತವೆ! ಮಕ್ಕಳು ಕೂರಬಹುದು, ಓಡಬಹುದು, ಚುಚ್ಚುವ ಭಯವಿಲ್ಲ.

ಗೌನಿನ ಸೊಂಟ, ಉದ್ದ ಎರಡನ್ನೂ ಈ ಒಳಲಂಗಗಳನ್ನು ತೊಡಿಸಿಯೇ ಅಳೆಯಬೇಕು. ಬರೀ ಮೈಯಲ್ಲಿ ಸೊಂಟದಿಂದ ನೆಲಕ್ಕೆ 36 ಇಂಚು ಇದ್ದದ್ದು ಒಳಲಂಗದ ಮೇಲಿಂದ ಹಾದು ಬಂದಾಗ ಮೂವತ್ತೇಳೂವರೆ ಆಯಿತು. ಇದು ಗೊತ್ತಿಲ್ಲದಿದ್ದರೆ ಲಂಗ ಮೇಲಕ್ಕೆ ಎತ್ತಿಕೊಂಡು ಗಿಡ್ಡವಾಗುತ್ತದೆ. ಮೆಟ್ಟಿಲು ಹತ್ತಬೇಕಾದ್ದರಿಂದ ನೆಲದಿಂದ ಒಂದು ಇಂಚು ಮೇಲೆ ನಿಲ್ಲಿಸಿದೆ. ಎಲ್ಲ ಒಳಲಂಗದ ನೆರಿಗೆಯೂ ಸೊಂಟದಲ್ಲೇ ಸೇರಿದರೆ ಅಲ್ಲೇ ಎರಡು ಇಂಚು ದಪ್ಪವಾಗುತ್ತದೆ. ಆದ್ದರಿಂದ ಸೊಂಟದಿಂದ ನಾಲ್ಕು ಇಂಚು ನೆರಿಗೆಯಿಲ್ಲದ ಪಟ್ಟಿ ಕೊಟ್ಟು, ಅದರ ಕೆಳಗೆ ನೆರಿಗೆ ಶುರು ಮಾಡಿ.

ಮೂರನೆಯದು ಲಂಗದ ಅಗಲ. ಇಲ್ಲಿ ನಾನು ಇನ್ನೊಮ್ಮೆ ಜಾರಿದೆ. ಚಿತ್ರದಲ್ಲಿ ಸೊಂಟದ ಐದರಷ್ಟು ಕೆಳಸುತ್ತು ಇದೆಯಲ್ಲ ಅಂತ ಮಗಳ 29ಕ್ಕೂ ಐದು ಪಟ್ಟು, ಅಂದರೆ 145 ಇಂಚು ಲೆಕ್ಕ ಹಾಕಿದೆ. ಕೋರಾ ಬಟ್ಟೆಯಲ್ಲಿ ಹೊಲಿದು ನೋಡಿದರೆ ದೇವಸ್ಥಾನದ ಘಂಟೆಗೆ ಕಾಲು ಬಂದ ಹಾಗಿತ್ತು! ಕೆಳಸುತ್ತು ಸೊಂಟವನ್ನಲ್ಲ, ಎತ್ತರವನ್ನು ನೋಡಿ ಬರಬೇಕು. 64 ಇಂಚಿನವರಿಗೆ 120 ಆದರೆ 58 ಇಂಚಿನವಳಿಗೆ 108ರ ಆಸುಪಾಸು. ಅಂದರೆ 36 ಇಂಚು ಪನ್ನದ ಬಟ್ಟೆಯಲ್ಲಿ ಸರಿಯಾಗಿ ಮೂರು ಪನ್ನ. ಹೊಲಿಗೆಗೆ ಹೋಗಿ 105 ಉಳಿಯಿತು. ಕೆಳಗಿನ ಮಡಿಕೆಗೆ 3 ಇಂಚು ಸೇರಿಸಿ ಲಂಗಕ್ಕೆ ಮೂರೂಕಾಲು ಮೀಟರ್ ಸಾಕಾಯಿತು. ನೆರಿಗೆಯನ್ನು ಮುಂದೆ ಕಡಿಮೆ, ಪಕ್ಕಕ್ಕೆ ಮತ್ತು ಹಿಂದಕ್ಕೆ ಹೆಚ್ಚು ಕೊಡಿ. ಹೊಟ್ಟೆಯ ಮೇಲೆ ಬಟ್ಟೆ ಗುಡ್ಡೆ ಬೀಳುವುದಿಲ್ಲ.

ನಾಲ್ಕನೆಯದು ಮೇಲಿನ ಬಾಡಿ. ನಮ್ಮ ಚೂಡಿದಾರದ ಹಾಗೆ ಭುಜದ ತುದಿಯಲ್ಲೇ ತೋಳು ಕೂರಿಸಿದರೆ ಮೇಲ್ಭಾಗ ಸಣ್ಣಗಾಗಿ ಸೊಂಟ ದಪ್ಪ ಕಾಣುತ್ತದೆ. ಆ ಕಾಲದ ಹಾಗೆ ಭುಜದ ಹೊಲಿಗೆಯನ್ನು ತೋಳಿನ ಮೇಲಕ್ಕೆ ಒಂದು ಇಂಚು ಇಳಿಸಿ. ಬಾಡಿಯ ಮುಂದಿನ ತುದಿ ಸೊಂಟದ ಗೆರೆಯಿಂದ ಒಂದೂವರೆ ಇಂಚು ಕೆಳಕ್ಕೆ ಚೂಪಾಗಿ ಇಳಿಯಲಿ. ತೋಳು ಮೇಲೆ ಅಳತೆಗೆ ಸರಿಯಾಗಿದ್ದು ಕೆಳಗೆ ಗಂಟೆಯ ಹೂವಿನಂತೆ ಅರಳಬೇಕು. ಆದರೆ ಅರಳುವುದು ಮೊಣಕೈ ದಾಟಿದ ಮೇಲೆ. ಕೈ ಇಳಿಬಿಟ್ಟಾಗ ಮೊಣಕೈ ಬರುವುದು ಸೊಂಟದ ಪಕ್ಕಕ್ಕೇ. ಅಲ್ಲೇ ಬಟ್ಟೆ ತುಂಬಿದರೆ ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಐದನೆಯದು ಅಲಂಕಾರ. ದೊಡ್ಡವರ ಗೌನಿಗೆ ಒಂದು ಇಂಚಿನ ಲೇಸ್ ಒಪ್ಪಿದರೆ ಮಗುವಿಗೆ ಅರ್ಧ ಇಂಚು ಸಾಕು. ದೊಡ್ಡ ಹೂವಿನ ಪ್ರಿಂಟ್ ಬೇಡ, ಸಣ್ಣ ಬುಟ್ಟಾ ಇರಲಿ. ಲಂಗದ ಮೇಲೆ ಅಡ್ಡ ಪಟ್ಟಿ ಕೊಡುವುದಾದರೆ ಸಮ ಅಂತರದಲ್ಲಿ ಕೊಡಬೇಡಿ. ಮೇಲೆ ಕಡಿಮೆ, ಕೆಳಗೆ ಹೆಚ್ಚು. ಮಗಳ ಮೂವತ್ತಾರೂವರೆ ಇಂಚಿನ ಲಂಗವನ್ನು ಮೇಲಿನಿಂದ ಹತ್ತೂವರೆ, 12, 14 ಅಂತ ಭಾಗ ಮಾಡಿದೆ. ಕಣ್ಣು ತಾನಾಗಿ ಕೆಳಕ್ಕೆ ಇಳಿದು ಎತ್ತರ ಕಾಣುತ್ತದೆ.

ಮತ್ತೆ ಇವೆಲ್ಲ ಒಳ್ಳೆಯ ಬಟ್ಟೆಯ ಮೇಲೆ ಪ್ರಯೋಗ ಮಾಡಬೇಡಿ. ಅಗ್ಗದ ಕೋರಾ ಬಟ್ಟೆ ಇಲ್ಲವೇ ಹಳೆಯ ಹಾಸಿಗೆ ಹೊದಿಕೆಯಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡಿ. ತಿದ್ದಿ. ಆಮೇಲೆ ಕತ್ತರಿ.

ಹತ್ತು ಹೆಜ್ಜೆ ಹಿಂದೆ ಸರಿಯಿರಿ

ನಮ್ಮ ಮಹಡಿಯಿಂದ ನೋಡಿದರೆ ಸ್ಕಂದಗಿರಿಯೇ ಎತ್ತರ ಅನ್ನಿಸುತ್ತದೆ. ಹತ್ತಿರ ಇದೆಯಲ್ಲ! ಆದರೆ ಲೆಕ್ಕಕ್ಕೆ ನಂದಿಬೆಟ್ಟ ಸುಮಾರು 1,478 ಮೀಟರ್, ಸ್ಕಂದಗಿರಿ ಸುಮಾರು 1,450. ಹತ್ತಿರ ನಿಂತವರ ಕಣ್ಣಿಗೆ ಅಳತೆ ಸರಿಯಾಗಿ ಸಿಗುವುದಿಲ್ಲ. ಮೊಣಕಾಲೂರಿ ಕೂತು ಗುಂಡುಸೂಜಿ ಚುಚ್ಚುವಾಗ ನನಗೆ ಕಂಡದ್ದು ಸೊಂಟ ಒಂದೇ. ನೋಡುವ ಜನರಿಗೆ ಕಾಣುವುದು ಇಡೀ ಮಗು.

ಅದಕ್ಕೇ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿ. ಮೊಬೈಲಿನಲ್ಲಿ ಫೋಟೋ ತೆಗೆಯುವುದಾದರೆ ನಿಮ್ಮ ಎತ್ತರದಿಂದ ತೆಗೆಯಬೇಡಿ. ಮೇಲಿನಿಂದ ತೆಗೆದರೆ ಮಗುವಿನ ಕಾಲು ಗಿಡ್ಡವಾಗಿ ಕಾಣುತ್ತದೆ. ಮಗುವಿನ ಸೊಂಟದ ಮಟ್ಟಕ್ಕೆ ಫೋನ್ ಹಿಡಿಯಿರಿ. ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಅನ್ನುವುದು ಆ ಫೋಟೋದಲ್ಲಿ ತಾನಾಗಿ ಗೊತ್ತಾಗುತ್ತದೆ.

ಕೊನೆಗೊಂದು ಮಾತು

"ಅಯ್ಯೋ, ಒಂದು ದಿನದ ವೇಷಕ್ಕೆ ಇಷ್ಟೆಲ್ಲಾ ಯಾಕೆ, ಬಾಡಿಗೆಗೆ ತಂದರಾಗದಾ?" ಅಂತ ನೀವು ಕೇಳಬಹುದು. ಖಂಡಿತ ತನ್ನಿ. ನಾನೇನೂ ಬೇಡ ಅನ್ನುವುದಿಲ್ಲ. ಆದರೆ ಬಾಡಿಗೆ ಬಟ್ಟೆ ಬಿಗಿಯಾದಾಗ ಮಗುವಿಗೆ "ನೀನು ದಪ್ಪ" ಅನ್ನಬೇಡಿ. "ಈ ಬಟ್ಟೆ ಚಿಕ್ಕದು" ಅನ್ನಿ. ಬಟ್ಟೆಯನ್ನು ಬಿಚ್ಚಿ ಮತ್ತೆ ಹೊಲಿಯಬಹುದು. ಹನ್ನೆರಡು ವರ್ಷದ ಹುಡುಗಿಯ ಮನಸ್ಸಿನಲ್ಲಿ ಕೂತ ಮಾತನ್ನು ಅಷ್ಟು ಸುಲಭವಾಗಿ ಬಿಚ್ಚಲು ಆಗುವುದಿಲ್ಲ.

ಈ ವಯಸ್ಸಿನಲ್ಲಿ ಹೆಣ್ಣುಮಕ್ಕಳು ಬೆಳೆಯುವ ಬಗೆಯೇ ಹಾಗೆ. ಕೆಲವರು ಮೊದಲು ಮೈ ತುಂಬಿಕೊಂಡು ಆಮೇಲೆ ಎತ್ತರ ಬೆಳೆಯುತ್ತಾರೆ. ಇನ್ನು ಕೆಲವರು ಮೊದಲು ಕಡ್ಡಿಯಂತೆ ಬೆಳೆದುಬಿಡುತ್ತಾರೆ. ಬೆಳೆಯುವ ಮಗು ಊಟ ಬಿಡುವುದಂತೂ ಸಲ್ಲದು. ನಿಜವಾಗಿ ತೂಕದ ಚಿಂತೆ ಇದ್ದರೆ ವೈದ್ಯರನ್ನು ಕೇಳಿ. ದರ್ಜಿಯ ಟೇಪಾಗಲಿ ಪಕ್ಕದ ಮನೆಯವರ ನಾಲಿಗೆಯಾಗಲಿ ವೈದ್ಯರಲ್ಲ.

ಇನ್ನು ಶಾಲೆಯವರಿಗೂ ನನ್ನದೊಂದು ವಿನಂತಿ. ರಾಣಿ, ದೊರೆಸಾನಿ, ದೇವಿ ಅಂದರೆ ತೆಳ್ಳಗೆ ಬೆಳ್ಳಗೆ ಇರುವವರನ್ನೇ ಯಾಕೆ ಆರಿಸುತ್ತೀರಿ? ದಪ್ಪಗಿರುವ ಮಗುವಿಗೆ ಯಾವಾಗಲೂ ನಗಿಸುವ ಪಾತ್ರವೇ ಯಾಕೆ? ನಂದಿಬೆಟ್ಟಕ್ಕೆ ಬಂದ ದೊರೆಸಾನಿಯರೆಲ್ಲ ಫ್ಯಾಷನ್ ಚಿತ್ರದಿಂದ ಎದ್ದು ಬಂದವರಾಗಿರಲಿಲ್ಲ. ನಮ್ಮ ನಿಮ್ಮ ಹಾಗೆ ಗಿಡ್ಡ, ಉದ್ದ, ದಪ್ಪ, ಸಣ್ಣ ಎಲ್ಲರೂ ಇದ್ದೇ ಇರುತ್ತಾರೆ. ಅವರ ದರ್ಜಿಗಳು ಅವರವರ ಮೈಗೆ ತಕ್ಕಂತೆ ಹೊಲಿದುಕೊಟ್ಟರು, ಅಷ್ಟೇ.

ಎರಡನೇ ಗೌನ್ ತೊಡಿಸಿದ ದಿನ ಮಗಳಿಗೆ ನಾನು ಕ್ಷಮೆ ಕೇಳಿದೆ. "ಅವತ್ತು ಅಮ್ಮ ತಪ್ಪು ಅಳತೆ ತೆಗೆದಿದ್ದೆ ಕಣೇ, ನಿಂದೇನೂ ತಪ್ಪಿಲ್ಲ" ಅಂದೆ. ಅವಳು ಕನ್ನಡಿ ಮುಂದೆ ಒಂದು ಸುತ್ತು ತಿರುಗಿದಳು. ಗಂಜಿ ಹಾಕಿದ ಲಂಗ ಸರಸರ ಅಂದಿತು. ಎರಡೂ ಕೈ ಮೇಲೆತ್ತಿ, ಬಗ್ಗಿ, ಕೂತು, ಎದ್ದು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಇದರಲ್ಲಿ ಊಟ ಮಾಡಬಹುದಾಮ್ಮ?"

ವಾರ್ಷಿಕೋತ್ಸವದ ದಿನ ಹೊರಡುವ ಮೊದಲು ಅತ್ತೆ ಮಾಡಿದ ಚಿತ್ರಾನ್ನ ಎರಡು ಸಲ ಹಾಕಿಸಿಕೊಂಡು ತಿಂದೇ ಹೋದಳು. ವೇದಿಕೆ ಮೇಲೆ ಲಂಗ ಎರಡೂ ಕೈಯಲ್ಲಿ ಹಿಡಿದು ಬಂದು ನಾಲ್ಕು ಮಾತೂ ತಪ್ಪಿಲ್ಲದೆ ಹೇಳಿದಳು. ಒಂದು ಹುಕ್ಕೂ ಬಿಚ್ಚಲಿಲ್ಲ.

ನೀವೂ ಮುಂದಿನ ಸಲ ಮಕ್ಕಳಿಗೆ ಬಟ್ಟೆ ಹೊಲಿಯುವಾಗ, ಹೊಲಿಸುವಾಗ, ಅಂಗಡಿಯಲ್ಲಿ ಆರಿಸುವಾಗ ನಮ್ಮತ್ತೆಯ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳಿ. ಅಳತೆ ತಪ್ಪಿದರೆ ಬದಲಾಗಬೇಕಾದದ್ದು ಬಟ್ಟೆ, ಮಗುವಲ್ಲ. ಏನಂತೀರಿ?